ಅಪ್ಪಾಸಾಹೇಬ ಅಳಿಸಿದ ಸಾಲು

ಪುಣೆಯ ಶಿವಾಜಿನಗರದ ಕೋರ್ಟಿನ ಹಿಂದಿನ ಓಣಿಯಲ್ಲಿ ಅಪ್ಪಾಸಾಹೇಬ ಹುಕ್ಕೇರಿಯ ಫೋಟೋ ಕಟ್ಟುವ ಅಂಗಡಿ ಇದೆ. ಅಂಗಡಿ ಅಂದರೆ ಮಹಾ ಏನಲ್ಲ. ಇಬ್ಬರು ಒಳಗೆ ನಿಂತರೆ ಮೂರನೆಯವರು ರಸ್ತೆಯಲ್ಲೇ ನಿಲ್ಲಬೇಕು. ಒಂದು ಗೋಡೆಗೆ ಒರಗಿಸಿದ ಗಾಜು, ಇನ್ನೊಂದಕ್ಕೆ ಚೌಕಟ್ಟಿನ ಪಟ್ಟಿಗಳು, ನಡುವೆ ಒಂದು ಮೇಜು, ಆ ಮೇಜಿನ ಹಿಂದೆ ನಲವತ್ತೆರಡು ವರ್ಷದಿಂದ ಅಪ್ಪಾಸಾಹೇಬ. ಹೊಸ ವಕೀಲರ ಸನದು, ಮನೆದೇವರು, ತೀರಿಕೊಂಡ ಹಿರಿಯರು, ಈ ಮೂರರ ಮೇಲೆ ಅವನ ಸಂಸಾರ ನಡೆದಿದೆ. ಈಗೀಗ ಮೂರರಲ್ಲಿ ಒಂದೇ ಗಟ್ಟಿಯಾಗಿ ಉಳಿದಿದೆ. "ಬದುಕಿದಾವ್ರೆಲ್ಲ ಫೋನಿನ್ಯಾಗ ಇರ್ತಾರ, ಸತ್ತಾವ್ರಷ್ಟ ನನ್ನ ಕಡೆ ಬರ್ತಾರ" ಎಂದು ಹೆಂಡತಿ ಶಿವಬಸವ್ವನಿಗೆ ಆಗಾಗ ಹೇಳುತ್ತಾನೆ.

ಹತ್ತೊಂಬತ್ತನೆಯ ವಯಸ್ಸಿಗೆ ಸೋದರಮಾವನ ಕೈಕೆಳಗೆ ಕೆಲಸ ಕಲಿಯಲು ಬಂದವನು. ಮಾವ ಹೋದ, ಅಂಗಡಿ ಉಳಿಯಿತು, ಅದರ ಜೊತೆ ಇವನೂ ಉಳಿದ. ಹೊರಗೆ ಮರಾಠಿ, ಮನೆಯಲ್ಲಿ ಕನ್ನಡ, ಗಾಜು ಬೆರಳಿಗೆ ಕುಯ್ದಾಗ ಎರಡೂ. "ಕೈ ಕೆಸರಾದರ ಬಾಯಿ ಮೊಸರು ಅಂತಾರ. ನನ್ನ ಕೈ ನಲವತ್ತು ವರ್ಷ ಅಂಟಿನ್ಯಾಗ ಅದ, ಮೊಸರು ಇನ್ನೂ ಹೆಪ್ಪಾಗವಲ್ದು" ಅನ್ನುವುದು ಅವನ ಇನ್ನೊಂದು ಮಾತು. ಮೊದಮೊದಲು ನಗುತ್ತ ಹೇಳುತ್ತಿದ್ದ. ಈಗ ನಗು ಬಿಟ್ಟು ಮಾತು ಮಾತ್ರ ಬರುತ್ತದೆ. ಮಂಡಿ ನೋಯುತ್ತದೆ, ಸೊಂಟ ಹಿಡಿಯುತ್ತದೆ. ರೆಡಿಮೇಡ್ ಫ್ರೇಮುಗಳು ಡಬ್ಬಿಯಲ್ಲಿ ಜನರ ಮನೆಬಾಗಿಲಿಗೇ ಬರುತ್ತವೆ. ಎರಡೂ ಕಣ್ಣಿಗೆ ಪೊರೆ ಬಂದು ಮೂರು ವರ್ಷವಾಯಿತು. ಆಪರೇಶನ್ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿದಾಗ, ಗಣಪತಿ ಮುಗಿಯಲಿ ಅಂದಿದ್ದ. ಆಮೇಲೆ ಮೂರು ಸಲ ಗಣಪತಿ ಬಂದು ನೀರಿಗೆ ಹೋದ. ಕಣ್ಣು ಮಾತ್ರ ಹಾಗೇ ಇದೆ.

ಈ ಕಸುಬಿನಲ್ಲಿ ಒಂದು ಶಾಪವಿದೆ. ಮಾಡಿದ ಪಾಪ ವಾಪಸು ಅಂಗಡಿಗೇ ಬರುತ್ತದೆ. ಮಾವ ಕಲಿಸಿದ್ದು ಒಂದೇ ದಾರಿ: ಮೈದಾ ಹಿಟ್ಟನ್ನು ಕುದಿಸಿ, ಹುಳ ಬರಬಾರದೆಂದು ಚಿಟಿಕೆ ಮೈಲುತುತ್ತ ಹಾಕಿ, ಆ ಅಂಟನ್ನು ಚಿತ್ರದ ಬೆನ್ನಿಗೆ ಬಳಿದು ಹಾರ್ಡ್‌ಬೋರ್ಡಿಗೆ ಒತ್ತಿ ಕೂರಿಸುವುದು. ಚಿತ್ರ ಚಪ್ಪಟೆಯಾಗಿ ಕೂತರೆ ಗಿರಾಕಿಗೆ ಖುಷಿ. ಇಪ್ಪತ್ತು ವರ್ಷದ ಮೇಲೆ ಗಾಜು ಒಡೆಯಿತೆಂದು ಅದೇ ಫೋಟೋಗಳು ಮರಳಿ ಬರತೊಡಗಿದವು. ಬಿಚ್ಚಿ ನೋಡಿದರೆ ಕಾಗದವೆಲ್ಲ ಕುದಿಸಿದ ಚಹದ ಬಣ್ಣ, ಬೆನ್ನ ತುಂಬ ಹುಳದ ತೂತು. ಮಳೆಗಾಲದ ತೇವಕ್ಕೆ ಒಂದು ಫೋಟೋ ಗಾಜಿಗೇ ಅಂಟಿಕೊಂಡಿತ್ತು. ಗಾಜು ಎತ್ತಿದಾಗ ಒಬ್ಬ ಅಜ್ಜನ ಅರ್ಧ ಮುಖ ಗಾಜಿನ ಜೊತೆ ಬಂತು. ಮಾಡಿದವನು ತಾನೇ ಎಂದು ಅಪ್ಪಾಸಾಹೇಬನಿಗೆ ಗೊತ್ತಿತ್ತು. ಎದುರಿಗೆ ನಿಂತ ಆ ಅಜ್ಜನ ಹೆಂಡತಿಗೆ ಗೊತ್ತಿರಲಿಲ್ಲ. "ಹವಾಮಾನ ಖರಾಬ್ ಅದ" ಎಂದು ಹೇಳಿ ಕಳಿಸಿದ. ಆ ಸುಳ್ಳು ಇಂದಿಗೂ ಅವನ ಗಂಟಲಲ್ಲಿದೆ.

ಅಂದಿನಿಂದ ಅಂಟು ಬಿಟ್ಟ. ಕೇಳಿ, ನೋಡಿ, ಕೆಡಿಸಿ, ಕಡಿಮೆ ಖರ್ಚಿನ ಒಂದು ಪದ್ಧತಿ ಮಾಡಿಕೊಂಡ. "ಕಾಗದಕ್ಕ ತಾಗೋ ಕಡೆ ರೊಕ್ಕ ಹಾಕ್ರಿ, ಕಣ್ಣಿಗೆ ಕಾಣೋ ಕಡೆ ಉಳಸ್ರಿ" ಅನ್ನುವುದು ಅದರ ಸಾರ. ಚಿತ್ರಕ್ಕೆ ತಾಗುವ ಹಾಳೆ ಒಂದು ಮಾತ್ರ ಆಸಿಡ್ ಇಲ್ಲದ ಒಳ್ಳೆಯ ಬೋರ್ಡು. ಅದರ ಹಿಂದೆ ಸಾದಾ ಹಾರ್ಡ್‌ಬೋರ್ಡು ನಡೆಯುತ್ತದೆ. ಅಂಟಿಲ್ಲ, ಟೇಪಿಲ್ಲ, ನಾಲ್ಕು ಮೂಲೆಗೆ ಕಾಗದದ ಪುಟ್ಟ ಜೇಬು ಮಾಡಿ ಚಿತ್ರವನ್ನು ಅದರಲ್ಲಿ ಸಿಕ್ಕಿಸುವುದು. ಗಾಜು ಚಿತ್ರಕ್ಕೆ ತಾಗದಂತೆ ಸುತ್ತ ಮೌಂಟು, ಅಂದರೆ ನಡುವೆ ಕಿಟಕಿ ಕೊಯ್ದ ದಪ್ಪ ರಟ್ಟು. ಮರದ ಪಟ್ಟಿ ಹಳೆಯದಾದರೂ ಸರಿ, ಉಜ್ಜಿ ಬಣ್ಣ ಬಳಿದರಾಯಿತು. ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿ ಆಡಲೆಂದು ಕೆಳಗಿನ ಎರಡು ಮೂಲೆಗೆ ಬೆಂಡಿನ ತುಂಡು. ಕೊನೆಗೆ ಒಂದು ಉಪದೇಶ: ತೇವದ ಗೋಡೆಗೆ ಬೇಡ, ಕಿಟಕಿ ಪಕ್ಕ ಅಂತೂ ಬೇಡವೇ ಬೇಡ, ಬಿಸಿಲು ಕಾಗದವನ್ನು ತಿನ್ನುತ್ತದೆ. ಪ್ರತಿ ಗಿರಾಕಿಗೂ ಇದೇ ಪಾಠ. ಮಧ್ಯಾಹ್ನದ ಹೊತ್ತು ಬಂದು ಗಾಜು ಒರೆಸಿಕೊಡುವ ಶಿವಬಸವ್ವ, "ಹಾಡಿದ್ದ ಹಾಡೋ ಕಿಸಬಾಯಿದಾಸ" ಎಂದು ಸೆರಗಿನಲ್ಲಿ ನಗುತ್ತಾಳೆ.

ಈ ಪದ್ಧತಿಯ ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಚಿತ್ರ ಕೂಡಿಡುವ ಹುಚ್ಚಿದ್ದೂ ಕೈಯಲ್ಲಿ ಕಾಸಿಲ್ಲದ ಕೆಲವರು ಬರತೊಡಗಿದರು. ಹಾಗೆ ಬಂದವರು ಭಾಮಾಬಾಯಿ ದೇಸಾಯಿ.

ಅದು ಗಣಪತಿ ಹಬ್ಬಕ್ಕೆ ಇನ್ನೂ ಮೂರು ವಾರ ಇದ್ದಾಗ. ಎಪ್ಪತ್ತರ ಹತ್ತಿರದ ವಯಸ್ಸು, ಧಾರವಾಡದ ಮಾತು, ಕೈಯಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಕಟ್ಟು. ಒಂದು ಕಾಲೇಜಿನ ಆಫೀಸಿನಲ್ಲಿ ಕ್ಲರ್ಕಾಗಿದ್ದು ನಿವೃತ್ತರಾದವರು. ವಿದ್ಯಾರ್ಥಿಗಳ ಪ್ರದರ್ಶನಗಳಲ್ಲಿ ಸಂಬಳ ಮಿಗಿಸಿ ಒಂದೊಂದೇ ಕೊಂಡ ನಾಲ್ಕು, ಗೆಳತಿ ಕೊಟ್ಟ ಒಂದು, ಹೀಗೆ ಐದು ಚಿತ್ರಗಳು ಅದರಲ್ಲಿದ್ದವು. ಎಲ್ಲ ಅಚ್ಚಿನ ಚಿತ್ರಗಳು, ಅಂದರೆ ಕಲಾವಿದ ತಾನೇ ಹಲಗೆ ಕೆತ್ತಿ, ಮಸಿ ಸವರಿ, ಕಾಗದಕ್ಕೆ ಒತ್ತಿ, ಎಂಟೋ ಹತ್ತೋ ಪ್ರತಿ ತೆಗೆದು, ಕೆಳಗೆ ಪೆನ್ಸಿಲಿನಲ್ಲಿ ನಂಬರು ಹಾಕಿ ಸಹಿ ಮಾಡಿದಂಥವು. ನಾಲ್ಕನ್ನು ಮೇಜಿನ ಮೇಲಿಟ್ಟು ಐದನೆಯದನ್ನು ಭಾಮಾಬಾಯಿ ಕೈಯಲ್ಲೇ ಹಿಡಿದು ನಿಂತರು. ಒಂದು ಸೈಕಲ್ಲಿನ ಮೇಲೆ ಇಬ್ಬರು ಹುಡುಗಿಯರು ಡಬಲ್ ಸೀಟ್ ಹೋಗುತ್ತಿರುವ ಚಿತ್ರ. ತುಳಿಯುವವಳ ಜಡೆ ಗಾಳಿಗೆ ಹಾರಿ ಹಿಂದೆ ಕೂತವಳ ಬಾಯಿಗೆ ಬಡಿದಿದೆ.

"ತುಳ್ಯಾಕಿ ನಾನು. ಹಿಂದ ಕೂತಾಕಿ ಇದನ್ನ ಮಾಡಿದಾಕಿ, ಅಂಬಾ" ಅಂದರು ಭಾಮಾಬಾಯಿ. "ಮೂವತ್ನಾಲ್ಕಕ್ಕ ಹೋದ್ಲು. ಹೋಗೋ ವರ್ಷ ಇದನ್ನ ನನಗ ಕೊಟ್ಟ್ಲು. ಗ್ವಾಡಿಗೆ ಹಾಕು ಅಂತ ಕೆಳಗ ಬರದೂ ಬರದಾಳ. ಛಲೋ ಫ್ರೇಮ್ ಹಾಕಿಸಿ ಹಾಕೂಣು ಅಂತ ಪೆಟ್ಟಿಗ್ಯಾಗ ಇಟ್ಟೆ. ಇವತ್ತು ನಾಳೆ ಅನಕೋತ ಮೂವತ್ತೊಂದು ವರ್ಷ ಆತು. ಆಕೀ ಕೈಬರಹ ಅಂತ ನನ್ನ ಹತ್ರ ಇರೋದು ಇದೊಂದ."

"ಅಂಚು ಕತ್ತರ್ಸೂದಿಲ್ರಿ ಬಾಯಾರ. ಬರದದ್ದು ಕಾಣೋ ಹಂಗ ಮೌಂಟ್ ಕೊಯ್ತೀನಿ" ಎಂದು ಅಪ್ಪಾಸಾಹೇಬ ಮಾತು ಕೊಟ್ಟ. ಬರೆದದ್ದು ಎಷ್ಟಿದೆ, ಎಲ್ಲಿದೆ ಎಂದು ಬಗ್ಗಿ ನೋಡಲಿಲ್ಲ. ನೋಡಿದ್ದರೂ ಆ ಕಣ್ಣಿಗೆ ಕಾಣುತ್ತಿತ್ತೋ ಇಲ್ಲವೋ. ಉಳಿದ ನಾಲ್ಕರ ಸಹಿ ಕಪ್ಪಗೆ ದಪ್ಪಗೆ ಇತ್ತು. ಅಂಬಾ ಗಟ್ಟಿ ಪೆನ್ಸಿಲಿನಲ್ಲಿ ಒತ್ತಿ ಬರೆದಿದ್ದಳು. ಒತ್ತು ಜಾಸ್ತಿ, ಬಣ್ಣ ಕಡಿಮೆ.

ಆಮೇಲೆ ಹಬ್ಬದ ಕೆಲಸ ನುಗ್ಗಿತು. ಗಣಪತಿ ಮಂಡಳಿಯವರ ದೊಡ್ಡ ಫ್ರೇಮುಗಳು, ಮನೆಮನೆಯ ಒಡೆದ ಗಾಜುಗಳು. ಬೆಳಗಿನಿಂದ ಸಂಜೆಯವರೆಗೆ ನಿಂತು ಅಪ್ಪಾಸಾಹೇಬನ ಪಾದ ಊದಿಕೊಂಡವು. ಅವುಗಳ ನಡುವೆಯೇ ಒಂದು ಗುರುವಾರ ಮಧ್ಯಾಹ್ನ ಭಾಮಾಬಾಯಿಯ ಚಿತ್ರಗಳಿಗೆ ಕೈ ಹಾಕಿದ. ಅವನ ಅಂಗಡಿಯ ರೂಢಿ ಒಂದಿದೆ. ಮೂಲೆಯ ಜೇಬು ಎಲ್ಲಿ ಬರಬೇಕು, ಮೌಂಟಿನ ಕಿಟಕಿ ಎಲ್ಲಿಂದ ಎಲ್ಲಿಗೆ ಎಂದು ಚಿತ್ರದ ಅಂಚಿನಲ್ಲೇ ಪೆನ್ಸಿಲಿನ ಸಣ್ಣ ಗುರುತು ಹಾಕಿಕೊಳ್ಳುತ್ತಾನೆ. ಅಳತೆ ಮುಗಿದ ಮೇಲೆ ಮೆತ್ತನೆಯ ರಬ್ಬರಿನಿಂದ ಅದನ್ನೆಲ್ಲ ನಾಜೂಕಾಗಿ ಅಳಿಸುತ್ತಾನೆ. ತನ್ನ ಅಂಗಡಿಯಿಂದ ಹೋದ ಚಿತ್ರದ ಮೇಲೆ ತನ್ನ ಕೈಯ ಒಂದು ಗುರುತೂ ಇರಬಾರದು ಅನ್ನುವುದು ಅವನ ಹೆಮ್ಮೆ. ನಲವತ್ತೆರಡು ವರ್ಷದಿಂದ ಆ ಕೈ ಹಾಗೇ ಅಳಿಸುತ್ತ ಬಂದಿದೆ. ಅಂದೂ ಅಳಿಸಿತು. ಸೈಕಲ್ಲಿನ ಚಿತ್ರದ ಕೆಳಗೆ ತನ್ನ ಗುರುತಿನ ಪಕ್ಕ ಮಾಸಲು ಬೂದಿಬಣ್ಣ ಏನೋ ಕಂಡಿತು. ಹಬ್ಬದ ಗಡಿಬಿಡಿಯಲ್ಲಿ ಕೊಟ್ಟ ಮಾತು ಮರೆತು, ತನ್ನದೇ ಪೆನ್ಸಿಲು ಸವರಿ ಕೊಳೆಯಾಗಿದೆ ಅಂದುಕೊಂಡು ಅದನ್ನೂ ತಾಳ್ಮೆಯಿಂದ, ಕಾಗದದ ನವಿರು ಏಳದ ಹಾಗೆ, ಈ ತುದಿಯಿಂದ ಆ ತುದಿಯವರೆಗೆ ತೆಗೆದ. ಬ್ರಶ್ಶಿನಿಂದ ರಬ್ಬರಿನ ಪುಡಿ ಗುಡಿಸಿದ. ಅಂಚು ಬೆಳ್ಳಗೆ ಚಂದ ಕಾಣಿಸಿತು.

ಗಾಜು ಒರೆಸಿ ತಂದ ಶಿವಬಸವ್ವ ಚಿತ್ರದ ಕಡೆ ಬಗ್ಗಿದಳು.

"ಇದರ ಕೆಳಗ ಏನೋ ಬರದಿತ್ತಲ್ರೀ?"

"ಏನ್ ಬರದಿತ್ತು?"

"ಆ ಬಾಯಾರು ಹೇಳ್ಲಿಲ್ಲೇನು, ಗ್ವಾಡಿಗೆ ಹಾಕು ಅಂತ ಬರದಾಳ ಅಂತ?"

ಅಪ್ಪಾಸಾಹೇಬ ಬ್ರಶ್ಶು ಕೆಳಗಿಟ್ಟ. ಫೋನು ತೆಗೆದ. ಖರ್ಚು ಎಷ್ಟಾದೀತು ಎಂದು ಕೇಳಲು ಭಾಮಾಬಾಯಿ ಮೊದಲೇ ವಾಟ್ಸಾಪಿನಲ್ಲಿ ಚಿತ್ರಗಳ ಫೋಟೋ ಕಳಿಸಿದ್ದರು. ಅವಸರಕ್ಕೆ ಎರಡು ಸಲ ಬೇರೆಯದೇ ತೆರೆಯಿತು. ಶಿವಬಸವ್ವ ಫೋನು ಕಸಿದುಕೊಂಡು, ಬೆರಳಿನಿಂದ ಹಿಗ್ಗಿಸಿ, ಅಕ್ಷರ ಕೂಡಿಸಿ ಓದಿದಳು: "ಭಾಮಾ, ಇದನ್ನ ಗ್ವಾಡಿಗೆ ಹಾಕು. ಪೆಟ್ಟಿಗ್ಯಾಗ ಇಟ್ಟು ಕೊಳಸಬ್ಯಾಡ. ಅಂಬಾ."

ಅವನು ಸ್ಟೂಲಿನ ಮೇಲೆ ಕೂತ. ಹಾಳು ಕಣ್ಣು, ಹಾಳು ಕೈ! ಮೂವತ್ತೊಂದು ವರ್ಷ ಪೆಟ್ಟಿಗೆಯಲ್ಲಿ ಹುಳ ಮುಟ್ಟಲಿಲ್ಲ, ತೇವ ಮುಟ್ಟಲಿಲ್ಲ. ಕಾಪಾಡುತ್ತೇನೆ ಎಂದು ಇಸಿದುಕೊಂಡವನ ಕೈಯಲ್ಲಿ ಎರಡು ನಿಮಿಷಕ್ಕೆ ಹೋಯಿತು. ಗಾಜು ಒಡೆದರೆ ಗಾಜು ಹಾಕಬಹುದು. ಸತ್ತವಳನ್ನು ಎಲ್ಲಿಂದ ಕರೆತಂದು ಬರೆಸುವುದು?

"ಶನಿವಾರ ಬರ್ತಾರ" ಅಂದ.

ಶಿವಬಸವ್ವ ಒಮ್ಮೆ ಓಣಿಯ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿ, "ನೀವ ಬರದ್ ಬಿಡ್ರಿ. ಫೋಟೋದಾಗ ಹೆಂಗ ಅದ, ಹಂಗ. ನಿಮ್ಮ ಅಕ್ಷರ ಛಲೋ ಅವ. ಯಾರಿಗೆ ಗೊತ್ತಾಗ್ತದ?" ಅಂದಳು.

ಮಾತು ಸುಳ್ಳಲ್ಲ. ತೀರಿಕೊಂಡವರ ಫೋಟೋದ ಕೆಳಗೆ ಹೆಸರು, ತಾರೀಖು ಬರೆದು ಬರೆದು ಅವನ ಕೈ ಪಳಗಿತ್ತು. ಗಟ್ಟಿ ಪೆನ್ಸಿಲ್ ಹುಡುಕಿದ. ಕತ್ತರಿಸಿ ಉಳಿದ ಬೋರ್ಡಿನ ಪಟ್ಟಿಯ ಮೇಲೆ ಫೋನು ನೋಡಿಕೊಂಡು ಬರೆದ. ಮೊದಲ ಸಲ ತನ್ನದೇ ಅಕ್ಷರ ಬಂತು. ಎರಡನೆಯ ಸಲ ಯಾರದೂ ಅಲ್ಲದ ಅಕ್ಷರ. ನಾಲ್ಕನೆಯ ಸಲಕ್ಕೆ ಅಂಬಾಳದೇ ಬಂತು, 'ಭಾ' ಅಕ್ಷರದ ಆ ದೊಡ್ಡ ಹೊಟ್ಟೆ, 'ಬಾ' ಅಕ್ಷರದ ಕೊನೆಯ ಬಾಲ ಎಲ್ಲ. ಶಿವಬಸವ್ವ ನೋಡಿ, "ಅಯ್ಯ ಶಿವನ, ಆಕೀನ ಬಂದು ಬರದಂಗ ಅದ" ಅಂದಳು.

ಚಿತ್ರವನ್ನು ಎದುರಿಗೆ ಎಳೆದುಕೊಂಡ. ಭೂತಗನ್ನಡಿ ಹಚ್ಚಿ, ಮೇಜಿನ ದೀಪವನ್ನು ಹತ್ತಿರ ತಂದು, ಪೆನ್ಸಿಲಿನ ತುದಿಯನ್ನು ಬಿಳಿ ಅಂಚಿಗೆ ಊರಿದ. ತುದಿ ತಾನಾಗಿ ಒಂದು ತಗ್ಗಿಗೆ ಜಾರಿ ಕೂತಿತು. ಬಣ್ಣ ಹೋಗಿತ್ತು, ಒತ್ತು ಹೋಗಿರಲಿಲ್ಲ. ಅಂಬಾ ಒತ್ತಿ ಬರೆದ ಗೆರೆ ಕಾಗದದಲ್ಲಿ ಹಾಗೇ ಹೂತಿತ್ತು, ಪೆನ್ಸಿಲನ್ನು ಹಿಡಿದು ತನ್ನ ದಾರಿಗೆ ಎಳೆಯುತ್ತಿತ್ತು. ಎಂದೂ ಕಾಣದ ಹೆಂಗಸೊಬ್ಬಳು ತನ್ನ ಮಣಿಕಟ್ಟು ಹಿಡಿದ ಹಾಗಾಯಿತು. ಅವನಿಗೆ ಭಯವಾಯಿತು, ನಾಚಿಕೆಯೂ ಆಯಿತು. ಪೆನ್ಸಿಲನ್ನು ಗುರುತು ಮೂಡದ ಹಾಗೆ ಮೆಲ್ಲಗೆ ಮೇಲೆತ್ತಿದ.

"ಆಗೂದಿಲ್ಲ" ಅಂದ.

"ಯಾಕ್ರಿ?"

"ಆ ಅಜ್ಜನ ಹೇಣ್ತಿಗೆ ಒಂದು ಸುಳ್ಳು ಹೇಳೀನಿ. ಇನ್ನೊಂದನ್ನ ಹೊತಗೊಂಡು ತಿರುಗಾಕ ನನ್ನ ಕೈಲೆ ಆಗೂದಿಲ್ಲ. ಸಾಕಾಗೇದ, ಶಿವಬಸು."

ಅವಳು ಮತ್ತೆ ಒತ್ತಾಯ ಮಾಡಲಿಲ್ಲ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಅವನ ಮುಂದಿಟ್ಟಳು. ಅದು ಆರಿತು.

ಶನಿವಾರ ಹನ್ನೊಂದು ಗಂಟೆಗೆ ಭಾಮಾಬಾಯಿ ಬಂದರು. ಮುಖದಲ್ಲಿ ಹಬ್ಬವಿತ್ತು. ಗೋಡೆಗೆ ಸುಣ್ಣ ಹೊಡೆಸಿದ್ದೇನೆ, ಮೊಳೆ ತಂದಿದ್ದೇನೆ ಎಂದು ಬಾಗಿಲಲ್ಲೇ ಶುರು ಮಾಡಿದರು. ಅಪ್ಪಾಸಾಹೇಬ ಕಟ್ಟು ಹಾಕಿದ ನಾಲ್ಕನ್ನು ತೋರಿಸಲಿಲ್ಲ. ಐದನೆಯದನ್ನು ಬರಿ ಕಾಗದವಾಗಿಯೇ ಮೇಜಿನ ಮೇಲಿಟ್ಟ.

"ಬಾಯಾರ, ತಪ್ಪಾಗೇದ. ಕೆಳಗಿನ ಬರಹ ಅಳಸೀನಿ. ನನ್ನ ಗುರುತು ಅನಕೊಂಡು ಅಳಸಿದೆ. ಕಣ್ಣು ಕಾಣ್ಲಿಲ್ಲ. ಕಣ್ಣು ಕಾಣೂದಿಲ್ಲಂತ ಗೊತ್ತಿದ್ದೂ ಕೆಲಸ ಹಿಡದೀನಿ, ಅದು ದೊಡ್ಡ ತಪ್ಪು."

ಭಾಮಾಬಾಯಿ ಅಂಚನ್ನು ನೋಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟರು. ಓಣಿಯಲ್ಲಿ ರಿಕ್ಷಾ ಹಾರ್ನು ಬಾರಿಸುತ್ತಲೇ ಇತ್ತು.

"ಆಕೀ ಕೈಬರಹ ಇದೊಂದ ಅಂತ ಹೇಳಿದ್ನಲ್ರೀ" ಅಂದರು ಕೊನೆಗೆ. ದನಿ ಏರಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. "ನನ್ನ ತಂಗಿ ಮಕ್ಕಳ ಕೈಗೂ ಕೊಟ್ಟಿರ್ಲಿಲ್ಲ ನಾನು. ಆಕೀ ಹೇಳಿದಂಗ ಅವತ್ತ ಗ್ವಾಡಿಗೆ ಹಾಕಿದ್ರ ಇವತ್ತು ಇದು ಆಗ್ತಿರ್ಲಿಲ್ಲ. ನಂದೂ ತಪ್ಪು. ನಿಮ್ಮದು... ನಿಮ್ಮದಕ್ಕ ಏನ್ ಹೇಳ್ಲಿ?"

"ಬೈರಿ. ಬೈದ್ರ ನನಗ ಹಗುರ ಆಗ್ತದ."

"ನಿಮಗ ಹಗುರ ಆಗ್ಲಿ ಅಂತ ನಾ ಯಾಕ ಬಯ್ಲಿ?" ಅಂದರು ಭಾಮಾಬಾಯಿ. ಅಪ್ಪಾಸಾಹೇಬ ತಲೆ ತಗ್ಗಿಸಿದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತಾರೆ. ಇಲ್ಲಿ ಒಂದು ಚೂರು ರಬ್ಬರಿಗೆ ಹೋಗಿತ್ತು.

ಮುಚ್ಚುಮರೆ ಸಾಕೆಂದು ಆ ಬೋರ್ಡಿನ ಪಟ್ಟಿಯನ್ನೂ ತೆಗೆದು ಮುಂದಿಟ್ಟ. ನಾಲ್ಕು ಸಲ ಬರೆದ ಅದೇ ಸಾಲು. "ಹಿಂಗ ಬರದು ಮುಚ್ಚಿಬಿಡಬೇಕು ಅಂತಿದ್ದೆ. ಬರ್ಯಾಕ ಹೋದಾಗ ಗೊತ್ತಾತು, ಒತ್ತು ಇನ್ನೂ ಅದ. ಓರೆ ಬೆಳಕಿಗೆ ಹಿಡದ್ರ ಕಾಣಬೇಕು. ನನ್ನ ಕಣ್ಣಿಗೆ ಕಾಣವಲ್ದು, ನೀವು ನೋಡ್ರಿ."

ನಾಲ್ಕನೆಯ ಸಾಲನ್ನು ಕಂಡು ಭಾಮಾಬಾಯಿ ಬೆಚ್ಚಿದರು. ಅದನ್ನು ಬೋರಲು ಹಾಕಿ, ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲಿಗೆ ಹೋದರು. ಬೆಳಕಿಗೆ ಓರೆಯಾಗಿ, ಒಮ್ಮೆ ಹೀಗೆ ಒಮ್ಮೆ ಹಾಗೆ ತಿರುಗಿಸಿದರು. ಬಹಳ ಹೊತ್ತು ನಿಂತರು. ತಿರುಗಿದಾಗ ಕಣ್ಣು ತುಂಬಿತ್ತು.

"ಆಕೀ ಯಾವಾಗಲೂ ಹಂಗ. ಕಲ್ಲಿನ ಮ್ಯಾಲೆ ಕೊರದಂಗ ಬರೀತಿದ್ಲು" ಅಂದರು. "ಫ್ರೇಮ್ ಹಾಕ್ರಿ. ಖರೆ, ಹಿಂದ ಬರೀರಿ, ಇಲ್ಲಿ ಏನಿತ್ತು, ಏನಾತು ಅಂತ. ನಿಮ್ಮ ಹೆಸರು ಹಾಕ್ರಿ. ನಾ ಹೋದ ಮ್ಯಾಲೆ ಇದು ಯಾರ ಕೈಗೆ ಹೋಗ್ತದೋ. ಅವ್ರಿಗೆ ಗೊತ್ತಿರ್ಲಿ."

"ಚಿತ್ರದ ಬೆನ್ನಿಗೆ ಬ್ಯಾಡ್ರಿ, ನನ್ನ ಒತ್ತು ಮುಂದ ಮೂಡೀತು. ಹಿಂದಿನ ಬೋರ್ಡಿಗೆ ಬರೀತೀನಿ" ಅಂದ ಅಪ್ಪಾಸಾಹೇಬ.

ಹಾಗೇ ಬರೆದ. ಇದರ ಕೆಳ ಅಂಚಿನಲ್ಲಿ ಅಂಬಾ ಅವರ ಕೈಬರಹದ ಈ ಸಾಲು ಇತ್ತು, ಅಳಿಸಿದವನು ನಾನು, ಅಪ್ಪಾಸಾಹೇಬ ಹುಕ್ಕೇರಿ, ಫೋಟೋ ಕಟ್ಟುವವ, ಪುಣೆ. ಇಷ್ಟು ವರ್ಷದಲ್ಲಿ ಸಾವಿರಾರು ಚೌಕಟ್ಟು ಮಾಡಿದ್ದ, ಯಾವುದರ ಮೇಲೂ ಹೆಸರು ಹಾಕಿದವನಲ್ಲ. ಮೊದಲ ಸಲ ಹಾಕಿದ್ದು ಇದಕ್ಕೆ. ಬರೆದು ಮುಗಿದ ಮೇಲೆ ಬಲಗೈ ರೂಢಿಯಂತೆ ರಬ್ಬರಿನ ಕಡೆ ಹೋಯಿತು. ಶಿವಬಸವ್ವ ಅದನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು.

ಚಿತ್ರಗಳನ್ನು ತಾನೇ ತಂದು ಗೋಡೆಗೆ ಹಾಕಿಕೊಡುತ್ತೇನೆ ಎಂದು ಹೇಳಿದ್ದ. ಸೋಮವಾರ ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚಿ, ರಿಕ್ಷಾದಲ್ಲಿ ಐದೂ ಫ್ರೇಮುಗಳನ್ನು ಮಡಿಲಲ್ಲಿ ಹಿಡಿದು, ಕೋಥ್ರೂಡದ ಭಾಮಾಬಾಯಿಯ ಮನೆಗೆ ಹೋದ. ಎರಡನೆಯ ಮಹಡಿ, ಲಿಫ್ಟಿಲ್ಲ, ಮೆಟ್ಟಿಲಿಗೊಮ್ಮೆ ಮಂಡಿ ಹಿಡಿದುಕೊಂಡ. ಒಂದು ಕೋಣೆ, ಒಂದು ಅಡುಗೆಮನೆ. ನಾಲ್ಕು ಚಿತ್ರಗಳನ್ನು ಒಳಗೋಡೆಗೆ ಹಾಕಿಸಿಕೊಂಡ ಭಾಮಾಬಾಯಿ, ಐದನೆಯದಕ್ಕೆ ಪಶ್ಚಿಮದ ಕಿಟಕಿಯ ಪಕ್ಕದ ಗೋಡೆ ತೋರಿಸಿದರು.

"ಅಲ್ಲಿ ಬ್ಯಾಡ್ರಿ ಬಾಯಾರ!" ಅಪ್ಪಾಸಾಹೇಬನ ಬಾಯಿಂದ ಹಳೆಯ ಪಾಠ ತಾನಾಗಿ ಬಂತು. "ಸಂಜಿ ಬಿಸಿಲು ಬಡೀತದ. ಕಾಗದ ಹಳದಿ ಆಗ್ತದ."

"ಆಗ್ಲಿ. ಓರೆ ಬೆಳಕು ಈ ಮನ್ಯಾಗ ಬೀಳೋದು ಅದೊಂದ ಗ್ವಾಡಿಗೆ. ಸಂಜೀ ಮುಂದ ಅರ್ಧ ತಾಸು ಆಕೀ ಅಕ್ಷರ ಕಂಡ್ರ ನನಗ ಸಾಕು. ಜ್ವಾಕಿ ಮಾಡೋ ಸಲುವಾಗಿನ ಮೂವತ್ತೊಂದು ವರ್ಷ ಪೆಟ್ಟಿಗ್ಯಾಗ ಇಟ್ಟಿದ್ದೆ. ಜ್ವಾಕಿ ಸಾಕ್ರಿ ಇನ್ನ."

ಅಪ್ಪಾಸಾಹೇಬ ಸುತ್ತಿಗೆ ತೆಗೆದ. ಜೀವಮಾನವಿಡೀ ಬೇಡ ಬೇಡ ಎಂದು ಸಾರಿದ ಜಾಗಕ್ಕೇ ಮೊಳೆ ಹೊಡೆದ. ಆದರೂ ಮನಸ್ಸು ತಡೆಯದೆ ಚೀಲದಿಂದ ಒಂದು ಪುಟ್ಟ ಪರದೆ ತೆಗೆದ. ಶಿವಬಸವ್ವ ತನ್ನ ಹಳೆಯ ಇಳಕಲ್ ಸೀರೆಯ ತುಂಡಿನಿಂದ ಹೊಲಿದು, ಯಾವುದಕ್ಕಾದರೂ ಬೇಕಾದೀತು ಎಂದು ಕೊಟ್ಟು ಕಳಿಸಿದ್ದಳು. "ಉಳಿದ ಹೊತ್ತು ಇದನ್ನ ಇಳಿಬಿಡ್ರಿ. ನೋಡೋ ಹೊತ್ತಿಗಷ್ಟ ಸರಸ್ರಿ" ಅಂದ. ಭಾಮಾಬಾಯಿ ಪರದೆಯ ಅಂಚು ಮುಟ್ಟಿ ನೋಡಿ, "ಭಾಳ ಛಲೋ ಹೊಲದಾರ" ಅಂದರು. ಆ ಮನೆಯಲ್ಲಿ ಅವನಿಗೆ ಸಿಕ್ಕ ಮೊದಲ ಮೆದು ಮಾತು ಅದು.

ಚಹಾ ಕುಡಿಯುವಷ್ಟರಲ್ಲಿ ಬೆಳಗಿನಿಂದ ಹಿಡಿದಿದ್ದ ಮೋಡ ಹರಿಯಿತು. ಕಿಟಕಿಯಿಂದ ಬೆಳಕು ಗೋಡೆಯನ್ನು ಸವರಿಕೊಂಡು ಒಳಗೆ ಬಂತು. ಭಾಮಾಬಾಯಿ ಕಪ್ಪು ಕೆಳಗಿಟ್ಟು ಎದ್ದರು.

"ಬರ್ರಿ, ಬರ್ರಿ! ಬಂತ ನೋಡ್ರಿ! ಇಲ್ಲಿ ಭಾ, ಇಲ್ಲಿ ಮಾ. ಕಾಣ್ತದೇನ್ರಿ?"

ಅಪ್ಪಾಸಾಹೇಬ ಹತ್ತಿರ ಹೋದ. ಕನ್ನಡಕ ಒರೆಸಿಕೊಂಡ. ಎಡಕ್ಕೆ ಬಗ್ಗಿದ, ಬಲಕ್ಕೆ ಬಗ್ಗಿದ, ಮೂಗು ಗಾಜಿಗೆ ತಾಗುವಷ್ಟು ಸಮೀಪ ಹೋದ. ಸೈಕಲ್ಲು ಕಂಡಿತು, ಹಾರುವ ಜಡೆ ಕಂಡಿತು. ಅದರ ಕೆಳಗೆ ತಾನೇ ಬೆಳ್ಳಗೆ ಮಾಡಿದ ಅಂಚು ಬೆಳ್ಳಗೇ ಇತ್ತು.

"ಇಲ್ರಿ ಬಾಯಾರ" ಅಂದ. "ನನಗ ಕಾಣವಲ್ದು."

ಭಾಮಾಬಾಯಿ ಅವನ ಮುಖ ನೋಡಿದರು. ಆಮೇಲೆ ಅವನ ಪಕ್ಕಕ್ಕೆ ಬಂದು ನಿಂತು, ಗಾಜಿಗೆ ಬೆರಳು ತಾಗಿಸದೆ ಒಂದೊಂದೇ ಅಕ್ಷರದ ಮೇಲೆ ಸರಿಸುತ್ತ ಅವನಿಗಾಗಿ ಓದಿದರು.

"ಭಾಮಾ, ಇದನ್ನ ಗ್ವಾಡಿಗೆ ಹಾಕು. ಪೆಟ್ಟಿಗ್ಯಾಗ ಇಟ್ಟು ಕೊಳಸಬ್ಯಾಡ. ಅಂಬಾ."

"ಇನ್ನೊಮ್ಮೆ ಓದ್ರಿ" ಅಂದ ಅಪ್ಪಾಸಾಹೇಬ.

ಅವರು ಇನ್ನೊಮ್ಮೆ ಓದಿದರು. ಬೆಳಕು ಕೆಳಗಿಳಿಯುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದರು. ಆಮೇಲೆ ಭಾಮಾಬಾಯಿ ಪರದೆ ಎಳೆದರು.